ನೆಟ್ಟಗಿನ ಹೊಲಿಗೆ

ಹೇಳಿಬಿಟ್ಟರೆ ಏನಾದೀತು? ಮಾರಿಕಣಿವೆಯ ಅಣೆಕಟ್ಟೆಯೇನೂ ಒಡೆದುಹೋಗುವುದಿಲ್ಲ. ಜನ ನಗುತ್ತಾರೆ, ಅಷ್ಟೆ. ಒಂದು ದಿನ ನಕ್ಕರೆ ತಡೆದುಕೊಳ್ಳಬಹುದು, ನಿವೃತ್ತಿಯಾಗುವವರೆಗೂ ನಕ್ಕರೆ? ಹೇಳದೆ ಹೋದರೋ, ಇವತ್ತು ಮಧ್ಯಾಹ್ನದೊಳಗೆ ಹೆಂಡತಿ ಯಶೋಧಾ ಕೌದಿ ಹೊಲಿಯುವುದನ್ನು ಕಲಿಯಬೇಕು. ಅಂಗಿಗೆ ಗುಂಡಿ ಹಾಕಿಕೊಡು ಅಂದರೆ ಗುಂಡಿಯ ಜೊತೆಗೆ ತೋಳನ್ನೂ ಸೇರಿಸಿ ಹೊಲಿದುಬಿಡುವ ಹೆಂಗಸು ಅವಳು.

ಹಿರಿಯೂರು ಬಸ್ ನಿಲ್ದಾಣದ ಹಿಂದಿನ ಸೈಬರ್ ಸೆಂಟರಿನಲ್ಲಿ, ಪ್ಲೈವುಡ್ಡಿನ ಗೂಡೊಂದರಲ್ಲಿ ಕುಳಿತು ಓಬಳೇಶಪ್ಪ ಹೀಗೆ ತನ್ನೊಳಗೇ ಜಗಳವಾಡುತ್ತಿದ್ದ. ಮೊಬೈಲು ಗುತ್ತಿಗೆದಾರರ ಜೇಬಿನಲ್ಲಿ ಮಾತ್ರ ಕಾಣುತ್ತಿದ್ದ ಕಾಲ ಅದು. ಇಂಟರ್ನೆಟ್ಟು ಫೋನಿನ ತಂತಿಯೊಳಗೆ ಬೆಕ್ಕು ಸಿಕ್ಕಿಹಾಕಿಕೊಂಡಂತೆ ಕಿರುಚಾಡಿ, ಮನಸ್ಸಾದರೆ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಇವತ್ತೊಂದು ದಿನ ಬಾರದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಬಂದಿತ್ತು, ಬಂದು ಬೆಂಗಳೂರಿನಿಂದ ಒಬ್ಬ ಮೇಡಂ ಕಳಿಸಿದ ಮೇಲ್ ತೋರಿಸಿತ್ತು.

ಮೇಡಮ್ಮನವರದು ಕೈಕಸುಬಿನ ಸಾಮಾನುಗಳ ಅಂಗಡಿ. ‘ಯಶೋಧಾ ಕೌದಿ’ ಎಂಬ ಇಂಟರ್ನೆಟ್ ಪುಟವನ್ನು ನೋಡಿ ಮೆಚ್ಚಿದ್ದಾರೆ. ಭಾನುವಾರ ಚಿತ್ರದುರ್ಗಕ್ಕೆ ಮದುವೆಗೆ ಹೋಗುವವರು ದಾರಿಯಲ್ಲಿ ಮಾರಿಕಣಿವೆಗೆ ತಿರುಗಿ, ಯಶೋಧಾ ಅವರು ಕೌದಿ ಹೊಲಿಯುವುದನ್ನು ಕಣ್ಣಾರೆ ನೋಡುತ್ತಾರೆ. ಮನಸ್ಸಿಗೆ ಬಂದರೆ ಅಂಗಡಿಗೆ ವರ್ಷವಿಡೀ ಕೌದಿ ತರಿಸಿಕೊಳ್ಳುತ್ತಾರೆ.

“ಮಂಗಳವಾರನೇ ಕಳ್ಸವ್ರೆ ಸಾರ್,” ಅಂದ ಸೆಂಟರಿನ ಮಾಲೀಕ ಚೇತನ್‌ಕುಮಾರ್. “ನೀವು ವಾರಕ್ಕೊಂದ್ಸಲ ಬಂದು ನೋಡಿದ್ರೆ ಹಿಂಗೇ ಆಗೋದು. ಭಾನುವಾರ ಅಂದ್ರೆ ಇವತ್ತೇಯ.”

“ಮುಂದಿನ ವಾರ ಬರ್ರಿ ಅಂತ ಬರ್ದುಬಿಡಪ್ಪ.”

“ಬರೀಬೋದು. ಆದ್ರೆ ಅವ್ರೀಗ ಕಾರಲ್ಲಿ ಕುಂತಿರ್ತಾರೆ. ಕಾರಲ್ಲಿ ಕಂಪ್ಯೂಟರ್ ಇರಲ್ವಲ್ಲ ಸಾರ್.”

ಇಷ್ಟಕ್ಕೆಲ್ಲ ಕಾರಣ ಓಬಳೇಶಪ್ಪನ ಬೆರಳುಗಳು. ಅವನು ಬಿ.ಎ. ಓದಿದವನು, ನೀರಾವರಿ ಇಲಾಖೆಯಲ್ಲಿ ಗುಮಾಸ್ತ. ಆದರೆ ಅವನ ಕೈ ಫೈಲಿನ ಮೇಲಿದ್ದಾಗಲೂ ಮನಸ್ಸು ಸೂಜಿಯ ಮೇಲಿರುತ್ತಿತ್ತು. ಅವನ ತಾಯಿ ಹುಚ್ಚಕ್ಕ ಐಮಂಗಲದಲ್ಲಿ ಕೌದಿಗೆ ಹೆಸರಾದವಳು. ಬೇಸಿಗೆ ಬಂತೆಂದರೆ ಊರಿನ ಹಳೇ ಸೀರೆಗಳೆಲ್ಲ ಅವಳ ಅಂಗಳಕ್ಕೆ ಬರುತ್ತಿದ್ದವು. ಬೇವಿನ ನೆರಳಲ್ಲಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಬಣ್ಣದ ತುಂಡುಗಳನ್ನು ಮೇಲೆ ಹೊಂದಿಸಿ, ಅವಳು ಒಂದು ಮೂಲೆಯಲ್ಲಿ ಕುಳಿತರೆ ಮಗ ಇನ್ನೊಂದು ಮೂಲೆಯಲ್ಲಿ ಕುಳಿತುಕೊಳ್ಳುತ್ತಿದ್ದ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ಒಳಗೆ ಬಂದು, ಸಂಜೆಯ ಹೊತ್ತಿಗೆ ತಾಯಿ ಮಗ ನಡುಮಧ್ಯದಲ್ಲಿ ಎದುರುಬದುರಾಗುತ್ತಿದ್ದರು. ಅಷ್ಟು ಹೊತ್ತೂ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆ ಮಾತಿಲ್ಲದ ಮಧ್ಯಾಹ್ನಗಳಿಗಾಗಿಯೇ ಅವನು ಅವ್ವ ಸತ್ತ ಮೇಲೂ ಸೂಜಿ ಬಿಡಲಿಲ್ಲ.

ಆದರೆ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದ. ಒಮ್ಮೆ ಆಫೀಸಿನ ಕಿಟಕಿ ಪರದೆಯ ಹರಿದ ಅಂಚನ್ನು ನೋಡಲಾರದೆ ನಾಲ್ಕು ಹೊಲಿಗೆ ಹಾಕಿದ್ದನ್ನು ಸೂಪರಿಂಟೆಂಡೆಂಟ್ ಉಗ್ರಪ್ಪ ಕಂಡುಬಿಟ್ಟಿದ್ದ. ಅಂದಿನಿಂದ ಒಂದು ವರ್ಷ ಅವನ ಮೇಜಿಗೆ ಟೀ ಬರುತ್ತಿದ್ದುದು ‘ಓಬಳೇಶಕ್ಕಂಗೆ’ ಎಂಬ ಹೆಸರಿನಲ್ಲಿ. ಆದ್ದರಿಂದ ಹೊಲಿಗೆ ಅವನದಾದರೂ ಹೆಸರು ಹೆಂಡತಿಯದು. ಮಾರಿಕಣಿವೆಯ ಇಲಾಖೆ ಕಾಲನಿಯಲ್ಲೆಲ್ಲ ಯಶೋಧಾಳೇ ಹೊಲಿಯುತ್ತಾಳೆಂಬ ನಂಬಿಕೆ. ಚೇತನ್‌ಕುಮಾರ್ ಪುಟ ಮಾಡುವಾಗ ಹೊಲಿಯುವವರ ಫೋಟೋ ಕೇಳಿದ್ದಕ್ಕೆ, ಯಶೋಧಾ ಹಿರಿಯೂರಿನ ಸ್ಟುಡಿಯೋದಲ್ಲಿ ಸೂಜಿಯನ್ನು ಊದುಬತ್ತಿಯಂತೆ ಹಿಡಿದು ಕುಳಿತುಕೊಟ್ಟಿದ್ದಳು.

ಓಬಳೇಶಪ್ಪನಿಗೆ ಹೆಸರು ಬೇಕಿರಲಿಲ್ಲ. ತನ್ನ ಕೈಯ ಕೌದಿಯನ್ನು ಎಲ್ಲೋ ದೂರದ ಊರಲ್ಲಿ ಗುರುತಿಲ್ಲದ ಯಾರೋ ಹೊದ್ದು ಬೆಚ್ಚಗೆ ಮಲಗಬೇಕು, ಅಷ್ಟೇ ಆಸೆ. ಪುಟ ಹಾಕಿ ತಿಂಗಳುಗಳಾದ ಮೇಲೆ ಬಂದ ಮೊದಲ ಮತ್ತು ಒಂದೇ ಮೇಲ್ ಇದು. ಇದು ತಪ್ಪಿದರೆ ಇನ್ನೊಂದು ಬರುತ್ತದೆಂಬ ನಂಬಿಕೆ ಅವನಿಗಿರಲಿಲ್ಲ.

ಬಸ್ಸಿನಲ್ಲಿ ಕುಳಿತು ಅವನು ಉಪಾಯ ಮಾಡಿದ. ಮನೆಯಲ್ಲಿ ಮುಕ್ಕಾಲು ಹೊಲಿದ ಕೌದಿಯೊಂದಿದೆ. ಯಶೋಧಾ ಅದರ ಮುಂದೆ ಕುಳಿತು, ಹೊಲಿದ ಸಾಲಿನಲ್ಲೇ ಸೂಜಿಯನ್ನು ಮೆಲ್ಲಗೆ ಆಡಿಸುತ್ತಿದ್ದರೆ ಸಾಕು. ಮೇಡಂ ಒಂದು ಲೋಟ ಟೀ ಕುಡಿಯುವವರೆಗೆ ದೂಡಿದರೆ ಗೆದ್ದಂತೆ. ಯಾರಿಗೂ ಗೊತ್ತಾಗದಂತೆ ಮುಗಿಸಿಬಿಡಬೇಕು.

ಯಾರಿಗೂ ಗೊತ್ತಾಗದಂತೆ ಎಂಬ ಆಸೆ ಕಾಲನಿಯ ಸ್ಟಾಪಿನಲ್ಲಿ ಬಸ್ಸಿನಿಂದ ಕೆಳಗಿಳಿಯುವ ಮೊದಲೇ ಮುರಿಯಿತು. ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಉಗ್ರಪ್ಪ ನಿಂತಿದ್ದ. ಓಬಳೇಶಪ್ಪನ ಮನೆಯಲ್ಲಿ ಫೋನಿರಲಿಲ್ಲ. ಪುಟದಲ್ಲಿ ಕೊಟ್ಟಿದ್ದು ಪಕ್ಕದ ಮನೆಯ ಉಗ್ರಪ್ಪನ ನಂಬರು. ಮೇಡಂ ದಾರಿಯ ಹೋಟೆಲಿನಿಂದ ಅಲ್ಲಿಗೆ ಫೋನ್ ಮಾಡಿದ್ದರು.

“ಏನಪ್ಪ ಓಬಳೇಶಪ್ಪ, ಇಷ್ಟು ದೊಡ್ಡ ವಿಷ್ಯ ನಮ್ಮತ್ರ ಹೇಳ್ಬಾರ್ದಾ? ನಮ್ ಕಾಲನಿ ಹೆಣ್ಮಗ್ಳು ಇಂಟರ್ನೆಟ್ಟಲ್ಲಿ ಬಂದವ್ಳೆ. ನೀನು ಮೂಗ್ಬಸವನಂಗೆ ಓಡಾಡ್ತೀಯ. ಎಲ್ಲಾ ನಾನು ರೆಡಿ ಮಾಡ್ಸೀನಿ, ನೀನು ಸುಮ್ನೆ ನೋಡ್ತಿರು.”

ಎಲ್ಲಾ ರೆಡಿ ಎಂದರೆ ನಿಜವಾಗಿಯೂ ಎಲ್ಲಾ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಆಫೀಸಿನಿಂದ ಕಬ್ಬಿಣದ ಕುರ್ಚಿಗಳು ಬಂದಿದ್ದವು. ಹೆಂಗಸರು ಹೆಣ್ಣು ನೋಡಲು ಬರುವವರನ್ನು ಕಾದಂತೆ ಜಗಲಿಯ ತುಂಬ ಕುಳಿತಿದ್ದರು. ಅವರ ನಡುವೆ ರೇಷ್ಮೆ ಸೀರೆ ಉಡಿಸಿ ಕೂರಿಸಿದ್ದ ಯಶೋಧಾ, ಸಂತೆಯಲ್ಲಿ ಕಳೆದುಹೋದ ಕುರಿಮರಿಯಂತೆ ಗಂಡನ ದಾರಿ ನೋಡುತ್ತಿದ್ದಳು. ಅವನನ್ನು ಕಂಡವಳೇ ನೀರು ಕೊಡುವ ನೆಪದಲ್ಲಿ ಅಡಿಗೆಮನೆಗೆ ಕರೆದೊಯ್ದಳು.

“ನಂಗೆ ಜ್ವರ ಬಂದೈತೆ ಅಂದ್ಬಿಡ್ರಿ,” ಅಂದಳು.

ಅವನು ಉಪಾಯ ವಿವರಿಸಿದ. ಸೂಜಿ ಹೇಗೆ ಹಿಡಿಯಬೇಕು, ಎಡಗೈ ಬಟ್ಟೆಯ ಕೆಳಗೆ ಎಲ್ಲಿರಬೇಕು ಎಂದು ಒಲೆಯ ಮುಂದೆಯೇ ಒರೆಸುಬಟ್ಟೆಯ ಮೇಲೆ ಮಾಡಿ ತೋರಿಸಿದ. ಅವಳು ನೋಡಿ ನಿಟ್ಟುಸಿರಿಟ್ಟಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹುಚ್ಚಕ್ಕನ ಸೊಸೆಗೆ ಸೂಜಿ ಹಿಡಿಯೋಕೂ ಬರಲ್ಲವಂತೆ ಎಂಬ ಮಾತನ್ನು ನೆಂಟರ ಬಾಯಲ್ಲಿ ಕೇಳಿ ಕೇಳಿ ಅವಳಿಗೆ ಸೂಜಿ ಕಂಡರೆ ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಆದರೂ ಗಂಡನ ಮುಖ ನೋಡಿ, “ಆಗ್ಲಿ ಬಿಡ್ರಿ. ಮುಕ್ಕಾಲು ಹೊಲ್ದಿರೋದು ಇದ್ಯಲ್ಲ, ಹೆಂಗೋ ಆಡಿಸ್ತೀನಿ,” ಅಂದಳು.

ಅಷ್ಟರಲ್ಲಿ ಕಾರು ಬಂದೇಬಿಟ್ಟಿತು.

ಮೇಡಂ ನರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದ, ದೊಡ್ಡ ಕುಂಕುಮದ, ಹತ್ತಿ ಸೀರೆಯ ಹೆಂಗಸು. ಉಗ್ರಪ್ಪ ಎದುರುಗೊಂಡು, “ಬರ್ರಿ ಮೇಡಂ, ಕುಂತ್ಕಳ್ರಿ,” ಎಂದು ಕುರ್ಚಿ ತೋರಿಸಿದ. ಬಿಸಿಲಿಗೆ ಕಾದ ಕಬ್ಬಿಣವೆಂದು ಅದರ ಮೇಲೆ ಮೆತ್ತಗೆ ಏನನ್ನೋ ನಾಲ್ಕು ಮಡಿಕೆ ಮಾಡಿ ಹಾಸಿದ್ದ. ಮೇಡಂ ಕುಳಿತರು. ಓಬಳೇಶಪ್ಪ ನೋಡಿದ. ಅದು ಮುಕ್ಕಾಲು ಹೊಲಿದ ಕೌದಿ.

ಮೇಡಮ್ಮನವರನ್ನು ಏಳಿ ಎನ್ನುವುದು ಹೇಗೆ? ಅವನು ಉಗ್ರಪ್ಪನ ಕಿವಿಯಲ್ಲಿ ಪಿಸುಗುಟ್ಟಿದ. ಉಗ್ರಪ್ಪ ಎಲ್ಲರಿಗೂ ಕೇಳುವಂತೆ, “ಹಳೇದ್ಯಾಕಪ್ಪ, ಮೇಡಂ ಮುಂದೆ ಹೊಸಾದೇ ಶುರು ಮಾಡ್ಲಿ,” ಅಂದ. ಎದುರುಮನೆಯ ದುರುಗಕ್ಕ, ಹೊಳಲ್ಕೆರೆ ಕಡೆಯಿಂದ ಸೊಸೆಯಾಗಿ ಬಂದು ಈಗ ಮೊಮ್ಮಕ್ಕಳನ್ನು ಕಂಡವಳು, ಆಗಲೇ ಒಳಗೆ ಹೋಗಿ ಹಳೇ ಸೀರೆಗಳ ಗಂಟನ್ನು ಎತ್ತಿ ತಂದಿದ್ದಳು. ಹೆಂಗಸರು ಒಂದು ಕ್ಷಣದಲ್ಲಿ ಸೀರೆ ಹಾಸಿ ಕೊಟ್ಟರು.

ಯಶೋಧಾ ಸೂಜಿ ಹಿಡಿದು ಆ ಬಟ್ಟೆಯನ್ನು ನೋಡಿದಳು. ಕಟ್ಟೆಯ ಹಿನ್ನೀರಿನಷ್ಟು ಅಗಲವಾಗಿ ಕಂಡಿತೇನೋ. ಎಲ್ಲಿಂದ ಶುರು ಮಾಡಬೇಕೆಂಬುದನ್ನು ಗಂಡ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೇ ಬೀಳುವುದೆಂದು ಅವನು ಎಣಿಸಿರಲಿಲ್ಲ. ಅವಳು ಕಣ್ಣು ಮುಚ್ಚಿ ದೇವರನ್ನು ನೆನೆದು ನಡುಮಧ್ಯಕ್ಕೆ ಹೋಗಿ ಕುಳಿತಳು. ಕುಳಿತಲ್ಲೇ ಸೂಜಿ ಚುಚ್ಚಿದಳು.

ಜಗಲಿಯ ಹೆಂಗಸರು ಕತ್ತು ಚಾಚಿ ನೋಡಿದರು. ಕೌದಿಯನ್ನು ನಡುವಿನಿಂದ ಹೊಲಿಯುವುದೆಂದರೆ ಮನೆಯನ್ನು ಹೆಂಚಿನಿಂದ ಶುರುಮಾಡಿ ಕಟ್ಟಿದ ಹಾಗೆ.

“ಲೇ ಯಶೋಧಾ,” ಅಂದಳು ದುರುಗಕ್ಕ ಮೆಲ್ಲಗೆ. “ಅದ್ಯಾಕೆ ಅಲ್ಲಿಂದ?”

ಯಶೋಧಾ ತಲೆ ಎತ್ತದೆ ಹೇಳಿದಳು. “ನಮ್ಮತ್ತೆ ಹಿಂಗೇ ಕಲ್ಸಿದ್ದು.”

ಓಬಳೇಶಪ್ಪನ ಸತ್ತ ಅವ್ವ ಈ ಮಾತು ಕೇಳಿಸಿಕೊಂಡಿದ್ದರೆ ಐಮಂಗಲದಿಂದ ಎದ್ದು ಬರುತ್ತಿದ್ದಳು. ದುರುಗಕ್ಕ, ಐಮಂಗಲದ ಕಡೆ ಹಂಗೂ ಇರಬಹುದು ಎಂದು ಪಕ್ಕದವಳಿಗೆ ಹೇಳಿದಳು. ಪಕ್ಕದವಳು ಅದನ್ನು ತನ್ನ ಪಕ್ಕದವಳಿಗೆ ದಾಟಿಸಿದಳು. ಜಗಲಿಯ ಆ ಕೊನೆ ಮುಟ್ಟುವ ಹೊತ್ತಿಗೆ ಅದು ಐಮಂಗಲದ ಸಂಪ್ರದಾಯವೇ ಆಗಿಹೋಗಿತ್ತು.

ಯಶೋಧಾ ಹೊಲಿಯುತ್ತ ಹೋದಳು. ಮೊದಲ ಹೊಲಿಗೆ ಕಡಲೆಕಾಳಿನಷ್ಟು, ಎರಡನೆಯದು ಹುರುಳಿಕಾಯಿಯಷ್ಟು ಉದ್ದ. ಸಾಲು ಬಲಕ್ಕೆ ಹೊರಟು, ಏನನ್ನೋ ಮರೆತಂತೆ ಎಡಕ್ಕೆ ತಿರುಗಿ, ಮತ್ತೆ ನೆನಪಾದಂತೆ ಹಿಂದಕ್ಕೆ ಬಂತು. ಬೆರಳಿಗೆ ಚುಚ್ಚಿಕೊಂಡು ಬಾಯಲ್ಲಿಟ್ಟುಕೊಂಡಳು. ದಾರ ಗಂಟುಬಿತ್ತು. ಗಂಟಿನ ಮೇಲೆಯೇ ಇನ್ನೊಂದು ಗಂಟು ಹಾಕಿ ಮುಂದೆ ನಡೆದಳು. ಓಬಳೇಶಪ್ಪ ಕಂಬಕ್ಕೆ ಒರಗಿ ನಿಂತು, ಅವಳ ಒಂದೊಂದು ಹೊಲಿಗೆಗೂ ತನ್ನ ಬೆರಳನ್ನು ಜೇಬಿನೊಳಗೇ ಆಡಿಸುತ್ತಿದ್ದ. ಬಾಡಿಗೆ ಸೈಕಲ್ ಕಲಿಯುವ ಮಗನ ಹಿಂದೆ ಓಡುವ ಅಪ್ಪನ ಸ್ಥಿತಿ ಅವನದು.

ಮೇಡಂ ಟೀ ಕುಡಿದು ಲೋಟ ಕೆಳಗಿಟ್ಟು, ಹೊಲಿದಿಟ್ಟಿರುವ ಕೌದಿಗಳನ್ನು ತೋರಿಸಿ ಅಂದರು. ಓಬಳೇಶಪ್ಪನಿಗೆ ಜೀವ ಬಂತು. ಇದಕ್ಕೇ ಅವನು ಕಾದಿದ್ದು. ಒಳಗಿನಿಂದ ಒಂದೊಂದಾಗಿ ತಂದು ಹಾಸಿದ. ಹಸಿರು ಅಂಚಿನದು, ಇಳಕಲ್ ಸೆರಗಿನ ತುಂಡುಗಳದು, ವರ್ಷಾನುಗಟ್ಟಲೆ ಭಾನುವಾರಗಳಲ್ಲಿ ಮುಚ್ಚಿದ ಬಾಗಿಲ ಹಿಂದೆ ಹುಟ್ಟಿದಂಥವು. ಅಂಗಳಕ್ಕೇ ಹಬ್ಬ ಬಂದ ಹಾಗಾಯಿತು.

ಮೇಡಂ ಬಗ್ಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಹಿಂದುಮುಂದು ಮಾಡಿದರು. ಹೊಲಿಗೆಯ ಮೇಲೆ ಉಗುರು ಎಳೆದರು. ಅವರ ಮುಖ ಗಂಟಿಕ್ಕಿತು.

“ಇದು ಕೈ ಹೊಲಿಗೆ ಅಲ್ಲ. ಮೆಷಿನ್ ಕೆಲಸ.”

ಜಗಲಿಯ ಹೆಂಗಸರು ಯಶೋಧಾಳ ಕಡೆ ತಿರುಗಿದರು.

“ನನಗೆ ಇದು ಹೊಸದಲ್ಲ. ಎಷ್ಟೋ ಕಡೆ ಹೀಗೇ ಟೈಲರ್ ಹತ್ತಿರ ಹೊಲಿಸಿ ಕೈಕೆಲಸ ಅಂತ ತೋರಿಸಿದ್ದಾರೆ,” ಅಂದರು ಮೇಡಂ. “ಮನುಷ್ಯರ ಕೈಯಲ್ಲಿ ಇಷ್ಟು ನೆಟ್ಟಗೆ ಬರೋದಿಲ್ಲ.”

ಓಬಳೇಶಪ್ಪನ ಕಾಲು ತಾನಾಗಿ ಒಳಗೆ ಹೋಯಿತು. ಮಂಚದ ಮೇಲಿದ್ದ ಅವ್ವನ ಕೌದಿಯನ್ನು ಎತ್ತಿಕೊಂಡು ಬಂದ. ಬಣ್ಣ ಮಾಸಿದ, ಒಗೆದು ಒಗೆದು ಹಸುಗೂಸಿನ ಕೆನ್ನೆಯಷ್ಟು ಮೆತ್ತಗಾದ ಕೌದಿ. ಮೆಷಿನ್ನನ್ನು ಕಣ್ಣಿನಿಂದಲೂ ಮುಟ್ಟದ ಹೆಂಗಸು ಹೊಲಿದದ್ದು. ಇದನ್ನು ನೋಡಿದರೆ ಮೇಡಮ್ಮನವರಿಗೆ ಕೈ ಯಾವುದು, ಮೆಷಿನ್ ಯಾವುದು ಗೊತ್ತಾಗಲೇಬೇಕು. ಅದನ್ನು ಅವರ ಮುಂದೆ ಹಾಸಿದ.

ಮೇಡಂ ಅದನ್ನೂ ನೋಡಿದರು. ಹಸಿರು ಅಂಚಿನದನ್ನು ಪಕ್ಕಕ್ಕೆ ಎಳೆದುಕೊಂಡು ಎರಡನ್ನೂ ಹೋಲಿಸಿದರು. ಆಮೇಲೆ ಬೇಸರದಿಂದ ಕನ್ನಡಕ ತೆಗೆದರು.

“ಇದನ್ನೂ ಅದೇ ಟೈಲರ್ ಹೊಲಿದಿದ್ದಾನೆ. ಎರಡೂ ಒಂದೇ ಕೈ, ಕೂದಲಷ್ಟೂ ವ್ಯತ್ಯಾಸ ಇಲ್ಲ.”

ಓಬಳೇಶಪ್ಪನಿಗೆ ಬರಬೇಕಾದದ್ದು ಸಿಟ್ಟು. ಆದರೆ ಬಂದದ್ದು ಬೇರೆ ಏನೋ. ಅವ್ವ ಬದುಕಿರುವವರೆಗೂ ಅವನ ಹೊಲಿಗೆಯನ್ನು ಒಪ್ಪಿರಲಿಲ್ಲ. “ಆಡು ಮೇಯ್ಕಂಡು ಹೋದಂಗೈತೆ,” ಅನ್ನುತ್ತಿದ್ದಳು. ಕೊನೆಯ ಕೌದಿಗೂ ಅದನ್ನೇ ಅಂದಿದ್ದಳು. ಈಗ ಎಲ್ಲಿಂದಲೋ ಬಂದ, ಕೌದಿಗಳನ್ನೇ ನೋಡಿ ಬದುಕುವ ಒಬ್ಬ ಹೆಂಗಸು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಒಂದೇ ಕೈ ಅನ್ನುತ್ತಿದ್ದಾಳೆ. ಬೇವಿನ ನೆರಳು, ಅವ್ವನ ಬಗ್ಗಿದ ಬೆನ್ನು, ನಡುಮಧ್ಯದಲ್ಲಿ ಎರಡು ಸೂಜಿಗಳು ಎದುರಾಗುವ ಆ ಗಳಿಗೆ, ಎಲ್ಲ ಬಂದು ಮುಂದೆ ನಿಂತವು. ಅವನು ಹಾಗೆಯೇ ನಿಂತುಬಿಟ್ಟ.

ಆ ಮೌನವನ್ನು ಎಲ್ಲರೂ ಕಳ್ಳನ ಮೌನವೆಂದೇ ತಿಳಿದರು. ಕಾಲನಿಯ ಮಾನ ಉಳಿಸಲು ಉಗ್ರಪ್ಪ ಎದ್ದು ನಿಂತ.

“ಹೌದು ಮೇಡಂ, ಸುಳ್ಳ್ಯಾಕೆ ಹೇಳಾಣ. ಅವು ಟೈಲರ್ ಹತ್ರ ಹೊಡ್ಸಿದ್ವೇ. ಎಲ್ಲಾ ಇವನ ಕೆಲ್ಸ. ಆಸೆ ಬಿದ್ದವ್ನೆ. ಆ ಹೆಣ್ಮಗಳ್ದು ಏನೂ ತಪ್ಪಿಲ್ಲ, ಅವ್ಳು ಕೈಯಾಗೇ ಹೊಲಿಯೋಳು. ನೀವೇ ನೋಡಿದ್ರಲ್ಲ ಕಣ್ಣಾರ.”

ಯಶೋಧಾ ಬಟ್ಟೆಯ ನಡುವಿನಿಂದ ತಲೆ ಎತ್ತಿ ಗಂಡನನ್ನು ನೋಡಿದಳು. ಅವಳ ತುಟಿ ಅಲುಗಿತು. ಹೇಳಿಬಿಡಲಾ ಎಂದು ಕಣ್ಣಲ್ಲೇ ಕೇಳಿದಳು. ಅವನು ಹೂಂ ಅನ್ನುವುದೋ ಬೇಡವೋ ಎಂದು ತೀರ್ಮಾನಿಸುವ ಮೊದಲೇ ಮೇಡಂ ಎದ್ದು ಅವಳ ಹತ್ತಿರ ಹೋಗಿ, ರೇಷ್ಮೆ ಸೀರೆಯ ಪಕ್ಕ ನೆಲದ ಮೇಲೆ ಕುಳಿತಿದ್ದರು. ಆ ವಕ್ರ ಸಾಲುಗಳ ಮೇಲೆ ಅಂಗೈ ಆಡಿಸುತ್ತಿದ್ದರು.

“ಇದು ನೋಡಿ ಕೈ ಅಂದರೆ,” ಅಂದರು. ಅವರ ದನಿ ಮೆತ್ತಗಾಗಿತ್ತು. “ಪ್ರತಿಯೊಂದು ಹೊಲಿಗೆಯೂ ಬೇರೆ. ನಡುವಿನಿಂದ ಶುರು ಮಾಡಿ ಸೂರ್ಯನ ಹಾಗೆ ಹರಡಿಕೊಂಡು ಹೋಗುತ್ತೆ. ಇಂಥದ್ದನ್ನು ನಾನು ಎಲ್ಲೂ ನೋಡಿಲ್ಲ. ನನಗೆ ಇದು ಬೇಕು, ಇದೇ ಥರ. ಎಷ್ಟಾದರೂ ಕಳಿಸಿ, ತಗೊಳ್ತೀನಿ. ನಿಮ್ಮ ಕೈಯಲ್ಲಿ ಏನೋ ಇದೆ ಯಶೋಧಾ.”

ಯಶೋಧಾ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು, ಅದರಲ್ಲಿ ನಿಜವಾಗಿಯೂ ಏನೋ ಇದೆಯೇನೋ ಎಂಬಂತೆ. ಅವಳ ಮುಖ ಕೆಂಪಾಯಿತು. ಓಬಳೇಶಪ್ಪ ಅಂಥ ಮುಖವನ್ನು ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ. ಅವನ ನಾಲಿಗೆಯ ತುದಿಗೆ ಬಂದಿದ್ದ ಮಾತು ಅಲ್ಲಿಯೇ ಕುಳಿತುಬಿಟ್ಟಿತು.

ಹೋಗುವಾಗ ಮೇಡಂ ಅವನನ್ನು ಕರೆದು, ಹೆಂಡತಿಯ ಕೈಯಲ್ಲಿ ಇಂಥ ಕಲೆ ಇರುವಾಗ ಟೈಲರ್ ಅಂಗಡಿಗೆ ಓಡಬಾರದೆಂದು ಬುದ್ಧಿ ಹೇಳಿದರು. ಉಗ್ರಪ್ಪ ಪಕ್ಕದಲ್ಲೇ ನಿಂತು ಪ್ರತಿ ಮಾತಿಗೂ ತಲೆ ಹಾಕಿದ.

ಆಮೇಲಿನ ದಿನಗಳಲ್ಲಿ ಓಬಳೇಶಪ್ಪನ ಜಗಲಿ ಶಾಲೆಯಾಯಿತು. ಐಮಂಗಲದ ನಡುಹೊಲಿಗೆ ಕಲಿಯಲು ಕಾಲನಿಯ ಹೆಂಗಸರೆಲ್ಲ ಬಂದು ಕುಳಿತರು. ಬದುಕಿಡೀ ಅಂಚಿನಿಂದ ಹೊಲಿದಿದ್ದ ದುರುಗಕ್ಕ ಕೂಡ ನಡುವಿಗೆ ಹೋಗಿ ಕುಳಿತಳು. ಯಶೋಧಾ ಓಡಾಡುತ್ತ ಹೇಳಿಕೊಡುತ್ತಿದ್ದಳು. ಅವಳ ನಡಿಗೆಯೇ ಬದಲಾಗಿತ್ತು. ಬೇಡಿಕೆ ಹೆಚ್ಚಿ ಕೈ ಸಾಲದಾದಾಗ, ಓಬಳೇಶಪ್ಪ ಒಂದು ಮಧ್ಯಾಹ್ನ ತಾನೂ ಒಂದು ಮೂಲೆ ಹಿಡಿದು, ಸೊಟ್ಟ ಹೊಲಿಯಬೇಕೆಂದು ಮನಸ್ಸು ಮಾಡಿ ಕುಳಿತ. ಬೆವರಿಳಿಯುವವರೆಗೂ ಪ್ರಯತ್ನಪಟ್ಟ. ಯಶೋಧಾ ಬಂದು ನೋಡಿ, ಪಕ್ಕ ಕುಳಿತು, ಅವನ ಸಾಲನ್ನು ಮೆಲ್ಲಗೆ ಬಿಚ್ಚತೊಡಗಿದಳು.

“ಬೇಜಾರು ಮಾಡ್ಕಬ್ಯಾಡ್ರಿ,” ಅಂದಳು. “ನಿಮ್ದು ನೆಟ್ಟಗೆ ಬರ್ತೈತೆ. ಮೇಡಂ ವಾಪಸ್ ಕಳಿಸಿಬಿಡ್ತಾರೆ.”

ಅವನು ಸೂಜಿಯನ್ನು ಅವಳ ಕೈಗೆ ಕೊಟ್ಟು ಎದ್ದ. ಮುಂದಿನ ಭಾನುವಾರ ಹಿರಿಯೂರಿಗೆ ಹೋದಾಗ ಚೇತನ್‌ಕುಮಾರ್, ಪುಟದಲ್ಲಿರುವ ಹಳೇ ಕೌದಿಗಳ ಫೋಟೋ ತೆಗೆದುಹಾಕಲೇ ಎಂದು ಕೇಳಿದ. ಯಾರಾದರೂ ಮತ್ತೆ ಮೆಷಿನ್ ಅಂದುಕೊಂಡಾರು. ತೆಗೆದುಬಿಡು ಅಂದ ಓಬಳೇಶಪ್ಪ. ಪರದೆಯ ಮೇಲೆ ಹಸಿರು ಅಂಚಿನದು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಅಳಿಸಿಹೋಯಿತು.

ಮೇಡಂ ಬಂದ ದಿನ ಅಂಗಳದಲ್ಲಿ ಪಕ್ಕಪಕ್ಕ ಹಾಸಿದ್ದ ಎರಡು ಕೌದಿಗಳಲ್ಲಿ ಒಂದನ್ನು ಅವ್ವ ಹೊಲಿದದ್ದು, ಇನ್ನೊಂದನ್ನು ತಾನು ಹೊಲಿದದ್ದು ಎಂದು ಓಬಳೇಶಪ್ಪ ಯಾರಿಗೂ ಹೇಳಲಿಲ್ಲ.